ಕಾಲರ್ ಶಶಿರೇಖಾ

"ಅಕ್ಕ, ನಿಲ್ಸಿ, ನಿಲ್ಸಿ!" ಎಂದು ಟೈಲರ್ ಅಂಗಡಿಯ ಒಡತಿ ತಾಹೆರಾ ಕೂಗುವಷ್ಟರಲ್ಲಿ ಬ್ಲೌಸಿನ ಮುಂಭಾಗದ ಎರಡು ತುಂಡುಗಳೂ ಮೆಷಿನ್ನಿನಿಂದ ಆಚೆ ಬಂದಿದ್ದವು. ಗಾರ್ಮೆಂಟ್ಸಿನ ಅಭ್ಯಾಸದಂತೆ ನಡುವೆ ದಾರವನ್ನೂ ಕತ್ತರಿಸದೆ, ಒಂದರ ಹಿಂದೆ ಇನ್ನೊಂದನ್ನು ಕೊಟ್ಟು, ಕೆಲಸ ಕೇಳಿ ಬಂದಿದ್ದ ಶಶಿರೇಖಾ ಸರ್ರನೆ ಹೊಲಿದುಬಿಟ್ಟಿದ್ದಳು. ಹೊಲಿಗೆಯೇನೋ ಗೆರೆ ಎಳೆದಂತಿತ್ತು. ಆದರೆ ಒಂದು ಎಡ, ಒಂದು ಬಲ ಆಗಬೇಕಿದ್ದಲ್ಲಿ ಎರಡೂ ಎಡಭಾಗ.

"ಹದಿನಾರು ವರ್ಷ ಹೊಲ್ದಿದೀನಿ ಅಂದ್ರಲ್ಲ?"

"ಕಾಲರ್ ಹೊಲ್ದಿದೀನಿ ಕಣಮ್ಮ."

ಅದು ಸುಳ್ಳಲ್ಲ. ಜಾಲಹಳ್ಳಿ ಬಳಿಯ ಕಾರ್ಖಾನೆಯಲ್ಲಿ ಅವಳ ಮುಂದೆ ಬಂದು ಬೀಳುತ್ತಿದ್ದುದು ಕಾಲರಿನ ಕಟ್ಟುಗಳು ಮಾತ್ರ, ಒಂದೇ ತರಹದ ನೂರಾರು ತುಂಡು. ತೋಳು ಹಚ್ಚುವವಳು ಬೇರೆ, ಗುಂಡಿ ಹಾಕುವವಳು ಬೇರೆ. ಗಂಟೆಗೆ ಅವಳಷ್ಟು ಕಾಲರ್ ಹೊಲಿಯುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಆ ಹೆಮ್ಮೆಯಲ್ಲೇ ಮೈಮರೆತು ಬೇರೇನೂ ಕಲಿಯದೆ ಹೋದೆನಲ್ಲ ಎಂದು ಈಗ ಅನ್ನಿಸಿತು.

ಮೂರು ತಿಂಗಳ ಹಿಂದೆ ಅಂಗಿಯ ಆರ್ಡರೆಲ್ಲ ಬಾಂಗ್ಲಾದೇಶಕ್ಕೆ ಹೋಗಿತ್ತು. ಮ್ಯಾನೇಜರ್ ಶಿವರಾಮ್ ಎಲ್ಲರನ್ನೂ ಕೂರಿಸಿಕೊಂಡು ಸಮಾಧಾನ ಹೇಳಿದ್ದರು: "ನೀವು ಅವ್ರಿಗಿಂತ ಚೆನ್ನಾಗೇ ಹೊಲಿತೀರಮ್ಮ. ಆದ್ರೆ ಬೆಂಗ್ಳೂರಿಗೆ ಇದಕ್ಕಿಂತ ಲಾಭದ ಕೆಲ್ಸ ಬೇರೆ ಇದೆ. ಯಾರಿಗೆ ಯಾವ್ದು ಹೆಚ್ಚು ಗಿಟ್ಟುತ್ತೋ ಅವ್ರು ಅದನ್ನೇ ಮಾಡಿದ್ರೆ ಎರಡು ದೇಶಕ್ಕೂ ಒಳ್ಳೇದು."

ಆ ಲಾಭದ ಕೆಲಸ ತನಗೆ ಬರುತ್ತದೆಯೇ ಎಂದು ಕೇಳಬೇಕೆನಿಸಿತ್ತು. ಪಾಪ, ಶಿವರಾಮ್‌ಗೂ ಅದು ಬರುತ್ತಿರಲಿಲ್ಲ. ಅವರ ಕೆಲಸವೂ ಅದೇ ವಾರ ಹೋಯಿತು.

"ಒಂದ್ ವಾರ ಕೊಡು ತಾಹೆರಾ, ಕಲ್ತ್ಕೋತೀನಿ. ಬೇರೆಲ್ಲೂ ಕೆಲ್ಸ ಸಿಗ್ತಿಲ್ಲ."

"ಮದ್ವೆ ಸೀಸನ್ ಅಕ್ಕ, ಕಲ್ಸೋಕೆ ನಂಗೆಲ್ಲಿ ಟೈಮು? ಕಾಲರಿಂದು ಏನಾದ್ರೂ ಬಂದ್ರೆ ಫೋನ್ ಮಾಡ್ತೀನಿ."

ಹೆಂಗಸರ ಬ್ಲೌಸ್ ಹೊಲಿಯುವ ಅಂಗಡಿಗೆ ಯಾರು ಕಾಲರ್ ತರುತ್ತಾರೆ? ಇಬ್ಬರಿಗೂ ಗೊತ್ತಿತ್ತು. ಶಶಿರೇಖಾ ತಾನು ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿ, ತುಂಡುಗಳನ್ನು ಮಡಿಸಿಟ್ಟು ಎದ್ದಳು.

ಆರ್.ಟಿ. ನಗರದ ಬಸ್ ಸ್ಟಾಪಿನ ಪಕ್ಕ ಫುಟ್‌ಪಾತಿನ ಮೇಲೆ ಅಂಗಿಗಳ ರಾಶಿ. ಕೈ ತಡೆಯಲಿಲ್ಲ. ಒಂದನ್ನೆತ್ತಿ ಕಾಲರ್ ಮಗುಚಿದಳು. ಒಳಗೆ ಬಾಂಗ್ಲಾದೇಶದಲ್ಲಿ ತಯಾರಾದದ್ದೆಂಬ ಚೀಟಿ. ಎರಡು ತುದಿಗಳನ್ನು ಜೋಡಿಸಿ ಹಿಡಿದು ನೋಡಿದಳು. ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದವಿತ್ತು.

"ಸಮ ಇಲ್ಲ ಕಣಪ್ಪ ಇದು."

"ಯಾರಕ್ಕ ಅಳೀತಾರೆ?" ಎಂದು ಮಾರುವವನು ನಕ್ಕ.

ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಅವಳ ಕೈಯಿಂದ ಅಂಗಿ ತೆಗೆದುಕೊಂಡು ಎದೆಗೆ ಹಿಡಿದು ಭುಜದ ಅಳತೆ ನೋಡಿದ. ಸರಿಹೋಯಿತು. "ಕವರಿಗೆ ಹಾಕು ಗುರು" ಅಂದ. ಶಶಿರೇಖಾಳ ಬೆರಳುಗಳು ಇನ್ನೂ ಆ ಎರಡು ತುದಿಗಳನ್ನು ಹಿಡಿದ ಹಾಗೆಯೇ ಇದ್ದವು.