ಕಾಕಾನ ಹೆಸರು ಕೊರೆದ ಹೆಡ್‌ಸೆಟ್

ಎಡಗಿವಿಯ ಬಟ್ಟಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದಿತ್ತು: ‘ಶ್ರೀ ಗುರುಲಿಂಗಪ್ಪ, ನಿವೃತ್ತ ಮುಖ್ಯೋಪಾಧ್ಯಾಯರು, ಚಿತ್ತಾಪುರ, ಇವರಿಂದ ಕಾಣಿಕೆ.’ ಬಟ್ಟಲು ಇದ್ದದ್ದೇ ಅಂಗೈಯಗಲ. ಹೆಸರು ಅದರ ಸುತ್ತ ಪ್ರದಕ್ಷಿಣೆ ಹಾಕಿ, ಜಾಗ ಸಾಲದೆ, ನಡುವಿನ ಸಣ್ಣ ಜಾಳಿಗೆಯ ಮೇಲೂ ಹತ್ತಿ ಕೂತಿತ್ತು.

“ಹೆಂಗದ?” ಎಂದ ಗುರುಲಿಂಗಪ್ಪ ಕಾಕಾ. ಕೈಯಲ್ಲಿ ಚಹಾದ ಬಸಿ, ಮುಖದಲ್ಲಿ ಮದುಮಗನ ಕಳೆ.

ಅಂಬರಾಯ ಉತ್ತರ ಕೊಟ್ಟಿದ್ದರೆ ಆ ಬಸಿ ಗೋಡೆಗೆ ಹೋಗಿ ಬಡಿಯುತ್ತಿತ್ತು. ಹೆಡ್‌ಸೆಟ್ಟನ್ನು ತಂಗಿ ಶೈಲಶ್ರೀಯ ಕೈಗಿಟ್ಟ. ಅವಳು ತಲೆಗೆ ಏರಿಸಿಕೊಂಡು ಗುಂಡಿ ಒತ್ತಿದಳು. ಅವಳ ಹುಬ್ಬು ಗಂಟಾದದ್ದನ್ನು ಅವನು ನೋಡಿದ.

“ಎಡಗಡೆ ಬುಸ್ ಅನ್ನಾಕತ್ತದರಿ ಕಾಕಾ. ಹಾವು ಹೊಕ್ಕಂಗ.”

“ಹೊಸಾದು ಅದವ್ವ, ನಾಲ್ಕು ದಿನ ಹಾಕ್ಕೊಂಡರ ಹೊಂದತದ. ಚಪ್ಪಲಿ ಕಡ್ಯಾಂಗಿಲ್ಲೇನು ಮೊದಲ?”

ನಾಲ್ಕು ದಿನ ಎಲ್ಲಿತ್ತು? ಆವತ್ತು ಶುಕ್ರವಾರ. ಸೋಮವಾರ ಬೆಳಗ್ಗೆ ಕಲಬುರ್ಗಿಯ ವಿಮಾನ ಶಾಲೆಯಲ್ಲಿ ಶೈಲಶ್ರೀ ಮೊದಲ ಸಲ ಒಬ್ಬಳೇ ಹಾರಬೇಕು. ಪಕ್ಕದಲ್ಲಿ ಕಲಿಸುವವರು ಇರುವುದಿಲ್ಲ. ಇಂಜಿನ್ನಿನ ಗದ್ದಲದಲ್ಲಿ ಕೆಳಗಿನವರು ಹೇಳುವ ಮಾತು ಕಿವಿಗೆ ಬೀಳಬೇಕು, ಬಿದ್ದದ್ದನ್ನು ಅವಳು ಹಾಗೆಯೇ ತಿರುಗಿ ಒಪ್ಪಿಸಬೇಕು. ಶಾಲೆಯ ಹಳೇ ಹೆಡ್‌ಸೆಟ್ಟು ಹತ್ತಾರು ತಲೆಗಳ ಬೆವರು ಕುಡಿದು ಸತ್ತಿತ್ತು. ಅದನ್ನು ಹಾಕಿಕೊಂಡು ಇವಳು ಮಾತುಮಾತಿಗೆ ‘ಇನ್ನೊಮ್ಮೆ ಹೇಳಿ’ ಅಂದದ್ದಕ್ಕೇ ಒಂಟಿ ಹಾರಾಟ ಒಮ್ಮೆ ಮುಂದೆ ಹೋಗಿತ್ತು. ಕಲಿಸುವವರು ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು: ಸೋಮವಾರವೂ ಕೇಳಿಸದಿದ್ದರೆ ನಿನ್ನ ಪಾಳಿ ಬೇರೆಯವರಿಗೆ.

ಕಾಕಾ ಹೆಸರು ಕೊರೆಸಿದ ಈ ಹೆಡ್‌ಸೆಟ್ಟನ್ನು ಆರಿಸಿದವನು ಅಂಬರಾಯ. ಸುಮ್ಮನೆ ಆರಿಸಿರಲಿಲ್ಲ. ಅವನು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕಾರಖಾನೆಯ ಆಳು. ಅಪ್ಪ ತೀರಿಕೊಂಡ ವರ್ಷ, ಊರ ಮಕ್ಕಳಿಗೆಲ್ಲ ಪಾಠ ಹೇಳುವ ಈ ಹೆಡ್‌ಮಾಸ್ತರ ಕಾಕಾ, “ಇವನ ತಲಿಗಿ ಓದು ಹತ್ತಂಗಿಲ್ಲ, ಮುಂದಿನ ವರ್ಷ ನೋಡೋಣ” ಎಂದು ಒಂದೇ ಮಾತಿನಲ್ಲಿ ಅವನ ಶಾಲೆ ಬಿಡಿಸಿ ಕಲ್ಲಿನ ಧೂಳಿಗೆ ನೂಕಿದ್ದ. ಗರಗಸ ಸದಾ ಅವನ ಎಡಗಿವಿಯ ಪಕ್ಕದಲ್ಲೇ ತಿರುಗುತ್ತಿತ್ತು. ಮೀಸೆ ಮೂಡುವ ಹೊತ್ತಿಗೆ ಎಡಗಿವಿ ಕೈಕೊಟ್ಟಿತ್ತು. ಕಿವಿಗೆ ಏನಾದರೂ ಕೊಡಿಸಿ ಎಂದು ಕೇಳಿದಾಗ ಮಾಲೀಕ ಹತ್ತಿ ತೋರಿಸಿ ನಕ್ಕಿದ್ದ.

ತಂಗಿಯ ಕಿವಿ ಹಾಗಾಗಬಾರದು. ಇದು ಅವನ ಹಟ.

ಅದಕ್ಕೇ ಒಂದು ಭಾನುವಾರ ಅವಳು ಗೆಳತಿಯರ ಎರಡು ಹೆಡ್‌ಸೆಟ್ಟು ಎರವಲು ತಂದಾಗ, ಇಬ್ಬರೂ ಕಾರಖಾನೆಗೇ ಹೋಗಿದ್ದರು. ಗರಗಸ ಚಾಲೂ ಮಾಡಿ ಅವಳನ್ನು ಪಕ್ಕದಲ್ಲಿ ನಿಲ್ಲಿಸಿ, ಇವನು ಗೇಟಿನ ಹೊರಗೆ ನಿಂತು, ವಾಡಿ ಕಡೆಯಿಂದ ಬರುವ ಸಿಮೆಂಟ್ ಟ್ಯಾಂಕರುಗಳ ನಂಬರು ಓದಿ ಫೋನಿನಲ್ಲಿ ಹೇಳುತ್ತಿದ್ದ. ಹೆಡ್‌ಸೆಟ್ಟಿಗೆ ಫೋನು ಜೋಡಿಸಬಹುದಿತ್ತು. ಅವಳು ಒಳಗಿನಿಂದ ಅದನ್ನೇ ತಿರುಗಿ ಒಪ್ಪಿಸಬೇಕು. ಹಗುರದ್ದು, ಮಡಚುವಂಥದ್ದು, ನೋಡಲು ಚೆಂದದ್ದು ಮೂರನೇ ಟ್ಯಾಂಕರಿಗೇ ತಪ್ಪಿತು. ಅಂಬರಾಯ ಅದರ ಮಡಿಕೆಯ ಕೀಲನ್ನು ಎರಡೂ ಕೈಯಲ್ಲಿ ಹಿಡಿದು ಅಗಲಿಸಿದ. ಕಿರ್ ಅಂದಿತು.

“ಮುರೀಬ್ಯಾಡೋ ಅಣ್ಣಾ, ಪ್ರಮಿತಾಂದು ಅದು. ಅವರಪ್ಪ ವಕೀಲ.”

“ವಕೀಲ ಇದ್ದರ ಇದ್ದಾನ. ಇದು ಒಂದು ಮಳಿಗಾಲ ಬಾಳಂಗಿಲ್ಲ.”

ಇನ್ನೊಂದು ತುಸು ಭಾರ. ಉಕ್ಕಿನ ಪಟ್ಟಿ, ಬಿಚ್ಚಿ ಬದಲಿಸಬಹುದಾದ ಮೆತ್ತೆ, ದಪ್ಪ ವೈರು. ಯಾವ ಕಿರಾಣಿ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ ಸಾಕು. ಅದರಲ್ಲಿ ಒಂದು ನಂಬರೂ ತಪ್ಪಲಿಲ್ಲ. ಬಟ್ಟಲ ಮೇಲಿನ ಜಾಳಿಗೆಯ ಹಿಂದೆ ಕೂತ ಸಣ್ಣ ಮೈಕು ಹೊರಗಿನ ಗದ್ದಲ ಕೇಳಿಸಿಕೊಂಡು ಒಳಗೆ ಅದನ್ನು ಅಳಿಸಿಹಾಕುತ್ತದೆ ಎಂದು ಶೈಲಶ್ರೀ ಬಿಡಿಸಿ ಹೇಳಿದ್ದಳು. ಅಂಥದ್ದೇ ಬೇಕು ಎಂದು ಇವನು ಕಾಕಾನಿಗೆ ಫೋಟೋ ಕಳಿಸಿದ. ಸಮಾಜದ ಸಭೆಯಲ್ಲಿ ಎಲ್ಲರೆದುರು ‘ನಾನು ಕೊಡಿಸತೀನಿ’ ಎಂದು ಎದೆ ತಟ್ಟಿಕೊಂಡವನು ಅವನೇ. ತರಿಸಿದ. ನಂತರ ಹೀಗೆ ಮಾಡಿದ.

ಅಂಬರಾಯ ಹೆಡ್‌ಸೆಟ್ಟನ್ನು ಬಗಲಲ್ಲಿ ಅವುಚಿಕೊಂಡು ಚಿತ್ತಾಪುರದ ಬಜಾರಿಗೆ ನಡೆದ. ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಫಕೀರಸಾಬ ಹೆಸರು ಕೊರೆಯುವ ಮಷಿನ್ ಹಿಡಿದು, ಒಂದು ತಂಬಿಗೆಯ ಮೇಲೆ ಯಾರದೋ ಮದುವೆ ಕೊರೆಯುತ್ತಿದ್ದ. ಈ ಸೀಮೆಯಲ್ಲಿ ಉಡುಗೊರೆ ಎಂದರೆ ಕೊಟ್ಟವರ ಹೆಸರು ಅದರ ಮೇಲೆ ಇರಲೇಬೇಕು. ಅಂಬರಾಯನ ಮನೆಯ ಕೊಡದಿಂದ ಸೌಟಿನವರೆಗೆ ಎಲ್ಲದರ ಮೇಲೂ ಒಬ್ಬರಲ್ಲ ಒಬ್ಬ ನೆಂಟರಿದ್ದಾರೆ.

“ಚಾಚಾ, ಇದು ಹಂಡೆ ಏನು?”

ಫಕೀರಸಾಬ ಕನ್ನಡಕ ಏರಿಸಿದ. “ನಾ ಹೇಳಿದ್ನಪ್ಪ ಮಾಸ್ತರರಿಗಿ. ನಾಜೂಕ್ ಚೀಜ್ ಅದ, ಡಬ್ಬಿ ಮ್ಯಾಲ ಬರಿತೀನಿ ಅಂದೆ. ಕೇಳಲಿಲ್ಲ. ಬರೇ ಹೆಸರು ಸಾಕು ಅಂದೆ, ನಿವೃತ್ತ ಮುಖ್ಯೋಪಾಧ್ಯಾಯ ಬಿಟ್ಟರ ಹೆಂಗ ಅಂದರು. ಜಾಗ ಇಲ್ಲ ಅಂದೆ. ಆ ಜಾಳಗಿ ಖಾಲಿ ಅದಲ್ಲ, ಅದರ ಮ್ಯಾಲ ಹೊಡಿ ಅಂದರು. ಸೂಜಿ ಪಚಕ್ ಅಂತ ಒಳಗ ಹೋತು.”

“ಹೋತು ಅಂತ ಹೇಳಲಿಲ್ಲ ನೀ?”

“ಹೇಳಿದೆ. ಅಕ್ಷರ ಪೂರಾ ಮಾಡು ಅಂದರು.”

ಅಂಬರಾಯ ಅಲ್ಲೇ ನಿಂತು ಹೆಡ್‌ಸೆಟ್ಟಿನ ಕಂಪನಿಗೆ ಫೋನ್ ಮಾಡಿದ. ತೂತು ಬಿದ್ದದ್ದನ್ನು ವಾಪಸು ತಗೊಳ್ಳುವುದಿಲ್ಲ ಎಂದು ಅಲ್ಲಿನ ಹುಡುಗಿ ಜೇನಿನಂಥ ದನಿಯಲ್ಲಿ ಹೇಳಿದಳು. ಕಾಕಾನಿಗೆ ಫೋನ್ ಮಾಡಿದ.

“ಇನ್ನೊಂದು ತರಬೇಕರಿ. ಸೋಮವಾರದೊಳಗ.”

“ತಲಿ ಕೆಟ್ಟದೇನು ನಿಂದು? ಐತವಾರ ಸಮಾಜದವರು ಶೈಲಶ್ರೀಗಿ ಸನ್ಮಾನ ಇಟ್ಟಾರ. ಆಮಂತ್ರಣ ಪತ್ರಿಕಿದಾಗ ಅಚ್ಚಾಗ್ಯದ, ಗುರುಲಿಂಗಪ್ಪ ಮಾಸ್ತರರಿಂದ ವಿಮಾನದ ಹೆಡ್‌ಸೆಟ್ ಅಂತ. ಅದನ್ನ ತಂದು ಕೊಡು. ಸ್ಟೇಜಿನ ಮ್ಯಾಲ ಕೊಟ್ಟಮ್ಯಾಲ ಬೇಕಾದ್ರ ರಿಪೇರಿ ಮಾಡಸ್ಕೋರಿ.”

ಅಂಬರಾಯ ತಂದುಕೊಡಲಿಲ್ಲ. ಬಸ್ಸು ಹತ್ತಿ ಹೆಡ್‌ಸೆಟ್ಟಿನ ಸಮೇತ ಶಹಾಬಾದಿಗೆ ಹೋದ.

ಶನಿವಾರ ಬೆಳಗ್ಗೆ ಕಾಕಾನ ಕಾರು ಕಾರಖಾನೆಯ ಗೇಟಿಗೆ ಬಂತು. ಇಳಿದವನು ಬಿಳಿ ಧೋತರದ ಚುಂಗು ಎತ್ತಿ ಹಿಡಿದುಕೊಂಡ. ಕಲ್ಲಿನ ಕೆಸರು ಎಲ್ಲ ಕಡೆ ಹರಿದಿತ್ತು. ಹಿಂದೆ ಶೈಲಶ್ರೀ. ಇಷ್ಟು ವರ್ಷ ಅಣ್ಣನ ಮಗ ದುಡಿಯುವ ಜಾಗಕ್ಕೆ ಕಾಕಾ ಕಾಲಿಟ್ಟಿರಲಿಲ್ಲ.

“ಎಲ್ಲಿ ಅದ?”

“ಅದ ಇಲ್ಲೇ. ಒಂದು ಸಲ ನೀವ ಹಾಕ್ಕೋರಿ. ಆಮ್ಯಾಲ ಒಯ್ಯಿರಿ.”

ಕೆಲಸಗಾರರು ನೋಡುತ್ತಿದ್ದರು. ಹಿಂಜರಿದರೆ ಮರ್ಯಾದೆ ಹೋಗುತ್ತದೆಂದು ಕಾಕಾ ಪೇಟ ತೆಗೆದು ಹೆಡ್‌ಸೆಟ್ಟು ಏರಿಸಿಕೊಂಡ. ಶೈಲಶ್ರೀ ಟ್ಯಾಂಕರಿನ ನಂಬರು ಓದಲು ಗೇಟಿಗೆ ಹೋಗಿ ಫೋನ್ ಹಿಡಿದಳು. ಅಂಬರಾಯ ಗರಗಸ ಚಾಲೂ ಮಾಡಿದ. ಕಲ್ಲಿಗೆ ಹಲ್ಲು ತಾಗಿದ್ದೇ ತಡ, ಕಾಕಾನ ಮುಖ ನಿಂಬೆಹಣ್ಣು ಕಚ್ಚಿದಂತಾಯಿತು.

“ಏನಂದಿ?” ಎಂದು ಕೂಗಿದ. “ಇನ್ನೊಮ್ಮೆ ಹೇಳವ್ವ.”

ಶೈಲಶ್ರೀ ಹೇಳಿದಳು.

“ಇನ್ನೊಮ್ಮೆ.”

ಮತ್ತೊಂದು ಟ್ಯಾಂಕರು ಹೋಯಿತು. ಕಾಕಾ ಯಾವುದೋ ನಂಬರು ಒದರಿದ. ಗೇಟಿನಲ್ಲಿ ಅವಳು ತಲೆ ಅಡ್ಡಡ್ಡ ಆಡಿಸಿದಳು. ಅಂಬರಾಯ ಗರಗಸ ನಿಲ್ಲಿಸಿ ಹೇಳಿದ:

“ಹಿಂಗ ‘ಇನ್ನೊಮ್ಮೆ’ ಅಂದಿದ್ದಕ್ಕ ಅಕಿನ್ನ ಹೋದ ಸಲ ಕೆಳಗ ಇಳಿಸ್ಯಾರ. ಇಲ್ಲಿ ನಿಮ್ಮ ಕಾಲ ಕೆಳಗ ಫರಸಿ ಅದ. ಅಕಿ ಕಾಲ ಕೆಳಗ ಏನದ?”

ಕಾಕಾ ಹೆಡ್‌ಸೆಟ್ಟು ತೆಗೆದ. ಎಡಗಿವಿ ಉಜ್ಜಿಕೊಂಡ. ಅವನಿಗೆ ತಿಳಿಯಿತು; ತಿಳಿದದ್ದು ಕಣ್ಣಲ್ಲಿ ಕಾಣಿಸಿತು. ಅದಕ್ಕೇ ಮುಂದಿನ ಮಾತು ಅಂಬರಾಯನ ನೆತ್ತಿಗೆ ಬೆಂಕಿ ಹಚ್ಚಿತು.

“ಆಯ್ತಪ್ಪ, ಕೆಟ್ಟದ ಅನ್ನು. ಸನ್ಮಾನ ಮುಗೀಲಿ. ಮುಂದಿನ ತಿಂಗಳ ನೋಡೋಣ. ಈ ಸೋಮವಾರ ಅಲ್ಲದಿದ್ದರ ಮತ್ತೊಂದು ಸೋಮವಾರ ಹಾರತಾಳ, ಆಕಾಶ ಎಲ್ಲಿಗಿ ಓಡಿ ಹೋಗತದ?”

“ನನ್ನೂ ಮುಂದಿನ ವರ್ಷ ತಿರುಗಿ ಶಾಲಿಗಿ ಹಾಕೋಣ ಅಂದಿದ್ದಿ ನೀ,” ಎಂದ ಅಂಬರಾಯ. ಹುಟ್ಟಿದಾಗಿನಿಂದ ಕಾಕಾನಿಗೆ ಅವನು ‘ನೀ’ ಅಂದಿರಲಿಲ್ಲ. “ಆ ಮುಂದಿನ ವರ್ಷ ಇನ್ನ ಬಂದಿಲ್ಲ.”

ಅವನು ಹೆಡ್‌ಸೆಟ್ಟನ್ನು ಕಾಕಾನ ಕೈಯಿಂದ ಕಸಿದುಕೊಂಡ. ಸೆಲ್ಲುಗಳನ್ನು ಬಿಚ್ಚಿ ತಂಗಿಯ ಕೈಗೆ ಕೊಟ್ಟ. ಅವು ಚಲೋ ಇದ್ದವು. ಎಡಬಟ್ಟಲನ್ನು ಕೊಯ್ಯುವ ಕಲ್ಲಿನಂತೆ ಮೇಜಿನ ಮೇಲಿಟ್ಟು, ಅಲುಗದಂತೆ ಮೇಲೊಂದು ಫರಸಿಯ ತುಂಡು ಹೇರಿ, ಗರಗಸ ಇಳಿಸಿದ. ಕರಕರನೆ ಸದ್ದು ಬಂತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಹೆಸರು ನಡುವೆ ಸೀಳಿತು. ಒಂದು ಕಡೆ ‘ಶ್ರೀ ಗುರುಲಿಂ’ ಉಳಿಯಿತು.

ಅಂಬರಾಯ ಗರಗಸ ನಿಲ್ಲಿಸಿದ.

“ಈಗ ಸ್ಟೇಜಿನ ಮ್ಯಾಲ ಏನ್ ಕೊಡತಿ ಕೊಡು,” ಎಂದ.

ಕಾಕಾ ಒಂದು ಹೆಜ್ಜೆ ಮುಂದೆ ಬಂದ. ಹೊಡೆಯುತ್ತಾನೆ ಎಂದು ಅಂಬರಾಯ ಕಾದ. ಹೊಡೆಯಲಿ ಎಂದೇ ಕಾದ. ಕಾಕಾ ಗೇಟಿನ ಕಡೆ ನೋಡಿದ, ಕೆಲಸಗಾರರ ಕಡೆ ನೋಡಿದ, ಕಡೆಗೆ ಪೇಟ ಇಟ್ಟುಕೊಂಡ. ಅಚ್ಚಾದ ಪತ್ರಿಕೆ ಊರೆಲ್ಲ ಹಂಚಿಯಾಗಿತ್ತು.

“ಹೈದರಾಬಾದಿನ್ಯಾಗ ಇದು ಸಿಗತದೇನವ್ವ?” ಎಂದು ಶೈಲಶ್ರೀಯನ್ನು ಕೇಳಿದ. ದನಿ ಇಳಿದಿತ್ತು.

“ಸಿಗತದರಿ. ನಮ್ಮ ಹುಡುಗೂರು ಅಲ್ಲೇ ತಂದಾರ.”

“ಇವನಿಗೂ ಕಾರ್ ಹತ್ತು ಅನ್ನು. ಮತ್ತ ತಪ್ಪು ತಂದಾನ ಮುದುಕ ಅಂದಾನು.”

ಕಾರು ಸೇಡಂ ದಾಟಿ ತಾಂಡೂರಿನ ರಸ್ತೆ ಹಿಡಿಯಿತು. ತೊಗರಿ ಹೊಲಗಳು ಹಿಂದೆ ಸರಿದವು. ಹೈದರಾಬಾದಿನ ಅಂಗಡಿಯಲ್ಲಿ ಅಂಬರಾಯ ಪಟ್ಟಿ ಬಗ್ಗಿಸಿ ನೋಡಿದ, ಮೆತ್ತೆ ಬಿಚ್ಚಿ ಹಾಕಿದ, ವೈರಿನ ಬುಡ ಎಳೆದು ನೋಡಿದ. ಶೈಲಶ್ರೀ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ತಲೆದೂಗಿದಳು. ಕಾಕಾ ಹಣ ಕೊಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ಚಿತ್ತಾಪುರ ಬರುವತನಕ ಇಳಿಸಲಿಲ್ಲ.

ಭಾನುವಾರದ ಸನ್ಮಾನದಲ್ಲಿ ಅವನು ಮೈಕು ಹಿಡಿದು ಬಹಳ ಹೊತ್ತು ಮಾತಾಡಿದ. ಹೆಣ್ಣುಮಕ್ಕಳ ಶಿಕ್ಷಣ, ತನ್ನ ತ್ಯಾಗ, ತನ್ನ ಮನೆತನ. ಅಂಬರಾಯನ ಹೆಸರು ಬರಲಿಲ್ಲ. ಅವ್ವ ಭಾಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಮಗನ ಪಕ್ಕೆ ತಿವಿದಳು.

“ಅವರ ಕಾಲಿಗಿ ಬೀಳೋ. ಸಾಮಾನು ಕೊಯ್ದು ಹಾಕಿದಿ, ದೊಡ್ಡವರು ಸುಮ್ಮನಿದ್ದಾರ.”

“ನೀ ಬೀಳು,” ಎಂದು ಅವನು ಅಡಿಗೆಯ ಒಲೆಗಳ ಹತ್ತಿರ ಹೋಗಿ, ಸತ್ತ ಎಡಗಿವಿಯನ್ನು ವೇದಿಕೆಗೆ ತಿರುಗಿಸಿ ನಿಂತ.

ಸೋಮವಾರ ಅವನು ಕೆಲಸದಲ್ಲಿದ್ದ. ಸೀಳಿದ ಬಟ್ಟಲನ್ನು ಯಾರೋ ಗೋಡೆಯ ಮೊಳೆಗೆ ತೂಗುಹಾಕಿದ್ದರು. “ಈ ಗುರುಲಿಂ ಯಾರಪ್ಪ, ನಮಗೂ ಒಂದು ಕೊಡಸ್ತಾನೇನು ಕೇಳು,” ಎಂದೊಬ್ಬ ನಕ್ಕ. ಅಂಬರಾಯ ನಗಲಿಲ್ಲ. ಆ ಮಾತು ನಗುವಂಥದ್ದಾಗಿರಲಿಲ್ಲ. ಇಲ್ಲಿ ನಿಂತವರಲ್ಲಿ ಯಾರ ಕಿವಿಗೂ ಏನೂ ಇರಲಿಲ್ಲ.

ಜೇಬಿನಲ್ಲಿ ಫೋನು ಅದುರಿತು. ಬಲಗಿವಿಗೆ ಒತ್ತಿಕೊಂಡ. ತಂಗಿಯ ದನಿ ಬಂತು, ಗರಗಸ ಅದನ್ನು ನುಂಗಿತು.

“ಏನಂದಿ?”

ಅವಳು ಮತ್ತೆ ಹೇಳಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಅಂಬರಾಯ ಕೈ ಚಾಚಿ ಸ್ವಿಚ್ಚು ಆರಿಸಿದ. ಮಾಲೀಕ ಕೋಣೆಯಿಂದ ಒದರಿದ, “ಯಾಕೋ ಬಂದ್ ಮಾಡಿದಿ?”

“ನಿಂದ್ರರಿ,” ಎಂದು ಅವನಿಗಿಂತ ಜೋರಾಗಿ ಒದರಿ, ಫೋನಿಗೆ ಹೇಳಿದ: “ಇನ್ನೊಮ್ಮೆ ಹೇಳವ್ವ.”

“ಒಬ್ಬಾಕಿನ ಹಾರಿ ಬಂದೆ ಅಣ್ಣಾ. ಒಮ್ಮಿನೂ ‘ಇನ್ನೊಮ್ಮೆ’ ಅನ್ನಲಿಲ್ಲ.”