ಚುನ್‌ಹಿ ಹೇಳಿದ ವಯಸ್ಸು

ಬುಸಾನಿನ ಯೊಂಗ್‌ದೊ ಗುಡ್ಡದ ಬುಡದಲ್ಲಿರುವ ಹೆಂಗಸರ ಸ್ನಾನದ ಮನೆಯಲ್ಲಿ ಗಿರಾಕಿಗಳ ಮೈ ಉಜ್ಜುವುದು ಚುನ್‌ಹಿಯ ಕೆಲಸ. ಐವತ್ತೈದು ವಯಸ್ಸಾದರೂ ಅವಳ ಕೈಗೆ ಸಾಟಿಯಿರಲಿಲ್ಲ. ಆ ವಸಂತದಲ್ಲಿ ಮಾತ್ರ ಎದೆ ಸುಮ್ಮಸುಮ್ಮನೆ ಡವಗುಟ್ಟತೊಡಗಿತು. ಅರ್ಧ ಬೆನ್ನು ಉಜ್ಜಿ, ಗೋಡೆಗೊರಗಿ ಸುಧಾರಿಸಿಕೊಳ್ಳುವಳು. ಹಬೆಯ ಕಾಟ ಎಂದುಕೊಂಡಳು. ರಜೆಯ ದಿನ ಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವಾಗಲೂ ಹಾಗೇ ಆದಾಗ ಹೆದರಿದಳು.

ಮುಟ್ಟು ನಿಂತ ಹೆಂಗಸರ ರಕ್ತನಾಳಗಳನ್ನು ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷಿಸುತ್ತಿದ್ದಾರೆಂದು ನರ್ಸ್ ಆಗಿದ್ದ ಗಿರಾಕಿಯೊಬ್ಬಳು ಹೇಳಿದಳು. ಚುನ್‌ಹಿ ಹೋದಳು. ಮುಂಗೈಗೆ ಪಟ್ಟಿ ಬಿಗಿದು, ಐದು ನಿಮಿಷ ರಕ್ತ ತಡೆದು, ಆಮೇಲೆ ಸಡಿಲಿಸಿ, ನಾಳ ಎಷ್ಟು ಅರಳುತ್ತದೆಂದು ಪರದೆಯಲ್ಲಿ ನೋಡಿದರು. ಹಾರ್ಮೋನ್ ನೋಡಲು ರಕ್ತವನ್ನೂ ತೆಗೆದುಕೊಂಡರು. ಮುಟ್ಟು ನಿಂತದ್ದು ಯಾವ ವಯಸ್ಸಿಗೆ ಎಂಬ ಪ್ರಶ್ನೆಗೆ ಅವಳು ಐವತ್ತು ಎಂದು ಬರೆಸಿದಳು.

ನಿಂತದ್ದು ನಲವತ್ತೊಂದಕ್ಕೆ. ಆಗ ಅತ್ತೆ ಇನ್ನೂ ಮೊಮ್ಮಗನ ಆಸೆ ಬಿಟ್ಟಿರಲಿಲ್ಲ; ಒಬ್ಬಳೇ ಮಗಳನ್ನು ಹೆತ್ತ ಸೊಸೆಯನ್ನು ಪ್ರತಿ ಹಬ್ಬಕ್ಕೂ ಚುಚ್ಚುತ್ತಿದ್ದಳು. ಚುನ್‌ಹಿ ತಿಂಗಳು ತಿಂಗಳೂ ಪ್ಯಾಡಿನ ಕಟ್ಟು ತಂದು ಬಚ್ಚಲಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದಳು. ಗಂಡ ಗಿಬೊಮ್‌ಗೂ ಹೇಳಲಿಲ್ಲ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಸುಳ್ಳು ಮಾತ್ರ ಬಾಯಲ್ಲೇ ಉಳಿದಿತ್ತು.

ವಾರದ ನಂತರ ಡಾಕ್ಟರ್ ನಾಮ್ ಎಂಬ ತೆಳ್ಳನೆಯ ಹೆಂಗಸು ಫಲಿತಾಂಶ ಹಿಡಿದು ಹುಬ್ಬು ಗಂಟಿಕ್ಕಿದಳು. "ನಿಮ್ಮ ನಾಳ ಅರಳ್ತಾನೇ ಇಲ್ಲ. ಐದು ವರ್ಷದ ಹಿಂದೆ ನಿಂತವರಲ್ಲಿ ಇಷ್ಟು ಬಿಗಿ ನಾನು ನೋಡಿದ್ದು ಕಮ್ಮಿ. ಬೇರೆ ಏನೋ ಕಾರಣ ಇರ್ಬೇಕು." ಸಿಗರೇಟು, ಸಕ್ಕರೆ, ಮೂತ್ರಪಿಂಡ ಎಂದು ಕೆದಕಿ ಇನ್ನೂ ನಾಲ್ಕು ಪರೀಕ್ಷೆ ಬರೆದುಕೊಟ್ಟಳು. ಆ ಕಾರಣ ತನ್ನ ನಾಲಿಗೆಯ ಮೇಲೇ ಇದ್ದರೂ ಚುನ್‌ಹಿ ತಲೆಬಾಗಿ ಹೊರಬಂದಳು.

ಆಮೇಲೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಬಸ್ಸಿನಿಂದ ತಪ್ಪು ನಿಲ್ದಾಣದಲ್ಲಿ ಇಳಿದಳು. ಕಡಲಪಾಚಿಯ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಒಬ್ಬ ಮುದುಕಿಯ ಹೆಗಲನ್ನೇ ಉಜ್ಜಿ ಉಜ್ಜಿ ಕೆಂಪಾಗಿಸಿ, "ಮೂಲಂಗಿ ತುರೀತಿದೀಯಾ ಹೇಗೆ?" ಎಂದು ಬೈಸಿಕೊಂಡಳು.

ಭಾನುವಾರ ತಂಗಿ ಮಿರಾನ್ ಮೈ ಉಜ್ಜಿಸಿಕೊಳ್ಳಲು ಬಂದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ, ನಲವತ್ತರ ಹರೆಯ. ಹಲಗೆಯ ಮೇಲೆ ಬೋರಲು ಮಲಗಿ ಹರಟುತ್ತಾ, "ನಾಲ್ಕು ತಿಂಗಳಿಂದ ಮುಟ್ಟಿಲ್ಲ ಅಕ್ಕ. ಪೀಡೆ ತೊಲಗ್ತು ಅಂತ ಆರಾಮಾಗಿದೀನಿ," ಎಂದಳು.

ಚುನ್‌ಹಿ ಉಜ್ಜುವ ಬಟ್ಟೆ ಕೆಳಗಿಟ್ಟಳು. ಬಕೆಟ್ಟಿನ ನೀರು ಸುರಿದು ನೊರೆ ತೊಳೆದಳು. ತಂಗಿಯ ಮುಖ ಕಾಣದಿದ್ದದ್ದೇ ಅನುಕೂಲವಾಯಿತು, ಎಲ್ಲವನ್ನೂ ಹೇಳಿಬಿಟ್ಟಳು.

ಮಿರಾನ್ ಎದ್ದು ಕೂತಳು. "ಅಮ್ಮಂಗೂ ಹೀಗೇ ಆಗಿತ್ತಾ?"

"ಗೊತ್ತಿಲ್ಲ ಕಣೇ. ಅಮ್ಮ ಯಾವತ್ತೂ ಹೇಳ್ಲಿಲ್ಲ."

"ನೀನೂ ಹೇಳ್ಲಿಲ್ವಲ್ಲ."

ಮಾರನೆಯ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದರು.

ಡಾಕ್ಟರ್ ನಾಮ್ ಗದರಲಿಲ್ಲ. ಹಳೆಯ ಸಂಖ್ಯೆ ಹೊಡೆದುಹಾಕಿ ನಲವತ್ತೊಂದು ಎಂದು ಬರೆದಳು. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಇರುವಷ್ಟು ಕಾಲ ನಾಳದ ಒಳಪದರ ಮೆತ್ತಗಿರುತ್ತದೆ, ಅದು ಬೇಗ ಇಳಿದವರಲ್ಲಿ ನಾಳ ಬೇಗ ಬಿರುಸಾಗುತ್ತದೆ ಎಂದು ವಿವರಿಸಿದಳು. ಆಗಲೇ ಬಂದಿದ್ದರೆ ಹಾರ್ಮೋನ್ ಕೊಡಬಹುದಿತ್ತು. ಹದಿನಾಲ್ಕು ವರ್ಷದ ಮೇಲೆ ಹೊಸದಾಗಿ ಶುರುಮಾಡಿದರೆ ಲಾಭಕ್ಕಿಂತ ಅಪಾಯ ಹೆಚ್ಚಾದೀತು. ಚುನ್‌ಹಿಗೆ ಏರಿದ್ದ ರಕ್ತದೊತ್ತಡಕ್ಕೆ ಮಾತ್ರೆ, ಉಪ್ಪು ಕಡಿಮೆ, ದಿನವೂ ನಡಿಗೆ. ಮಿರಾನ್‌ಗೆ ತಿಂಗಳ ಅಂತರದಲ್ಲಿ ಎರಡು ಸಲ ರಕ್ತಪರೀಕ್ಷೆ. ಎರಡನೆಯದೂ ಅನುಮಾನವನ್ನೇ ನಿಜಮಾಡಿದಾಗ ಅವಳಿಗೆ ಹಾರ್ಮೋನ್ ಶುರುವಾಯಿತು. ಆಮೇಲೂ ಎರಡು ವಾರ ಅವಳು ಅಕ್ಕನಿಗೆ ಫೋನ್ ಮಾಡಲಿಲ್ಲ.

ಚುನ್‌ಹಿ ಗಂಡನಿಗೂ ಹೇಳಿದಳು. ಗಿಬೊಮ್ ಊಟದ ತಟ್ಟೆ ಸರಿಸಿ, "ಅವತ್ತೇ ಹೇಳಿದ್ರೆ ಅಮ್ಮನ ಹತ್ರ ನಿನ್ ಪರವಾಗಿ ಮಾತಾಡ್ತಿದ್ದೆ," ಎಂದ. ಮಾತಾಡುತ್ತಿದ್ದನೇ? ಅವಳಿಗೆ ನಂಬಿಕೆ ಬರಲಿಲ್ಲ, ಆದರೂ ವಾದಿಸಲಿಲ್ಲ. ಚಪ್ಪಲಿ ಮೆಟ್ಟಿ ಗುಡ್ಡದ ದಾರಿ ಹಿಡಿದಳು. ಮೂರನೆಯ ತಿರುವಿನಲ್ಲಿ ಎದೆ ಡವಗುಟ್ಟಿತು. ನಿಂತು, ಅದು ತಣಿಯುವ ತನಕ ಕಾದು, ಮತ್ತೆ ಹತ್ತಿದಳು.