ಗುರುವಾರ ಐದು ಗಂಟೆಯ ಗಡುವು

ಬ್ರಸೆಲ್ಸ್‌ನಲ್ಲಿ ದೊಡ್ಡ ದೊಡ್ಡ ತೀರ್ಮಾನಗಳು ಮೌನದಿಂದಲೇ ಆಗುತ್ತವೆ ಎಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ಐರೋಪ್ಯ ಒಕ್ಕೂಟದ ಇಪ್ಪತ್ತೇಳು ದೇಶಗಳಿಗೂ ತೀರ್ಮಾನದ ಕರಡು ಹೋಗುತ್ತದೆ. ಗಡುವಿನೊಳಗೆ ಯಾರೂ ತಕರಾರು ಎತ್ತದಿದ್ದರೆ ಎಲ್ಲರೂ ಒಪ್ಪಿದಂತೆ. ಒಂದೇ ಒಂದು ದೇಶ ಬೇಡವೆಂದರೂ ಕರಡು ಮೂಲೆ ಸೇರುತ್ತದೆ. ಇಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ನಮ್ಮ ದೇಶದ ತಕರಾರನ್ನು ಟೈಪ್ ಮಾಡಿ ಕಳಿಸುವವಳು ನಾನು.

ಆ ಗುರುವಾರದ ಕರಡು ಉಕ್ರೇನಿನ ಆಸ್ಪತ್ರೆಗಳಿಗೆ ಜನರೇಟರ್ ಕಳಿಸುವ ಬಗ್ಗೆ. ನನ್ನ ಅಕ್ಕ ಸ್ತೋಯಾಂಕ ಮದುವೆಯಾಗಿ ಹೋದದ್ದು ಅಲ್ಲಿನ ಇಜ್ಮಾಯಿಲ್ ಎಂಬ ಊರಿಗೆ. ಅವಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬಾಂಬು ಬಿದ್ದಾಗಲೆಲ್ಲ ಕರೆಂಟು ಹೋಗಿ ಯಂತ್ರ ನಿಲ್ಲುತ್ತಿತ್ತು.

"ನಿಮ್ಮ ಸಾಹೇಬ್ರಿಗೆ ಬೇಗ ಮುಗಿಸೋಕೆ ಹೇಳೇ. ನನ್ನ ಕಿಡ್ನಿಗೆ ಮೀಟಿಂಗು ಗೀಟಿಂಗು ಅರ್ಥ ಆಗಲ್ಲ," ಎಂದು ಅಕ್ಕ ಬುಧವಾರ ಫೋನಿನಲ್ಲಿ ನಕ್ಕಿದ್ದಳು.

ಗುರುವಾರ ನಾಲ್ಕೂವರೆಗೆ ನಮ್ಮ ರಾಜಧಾನಿಯಿಂದ ಆದೇಶ ಬಂತು: ತಕರಾರು ಎತ್ತಿ. "ಕಳಿಸ್ಬಿಡಮ್ಮ ರಾದ್ಕ, ನನಗೆ ವಿಮಾನಕ್ಕೆ ಹೊತ್ತಾಯ್ತು," ಎಂದು ರಾಯಭಾರಿ ಕೋಟು ಹಾಕಿಕೊಂಡು ಹೊರಟರು. ಟೈಪ್ ಮಾಡಿದೆ. ಕಳಿಸದೆ ಕೈಕಟ್ಟಿ ಕುಳಿತೆ. ನೌಕರಿ ಹೋದರೆ ಹಾಳಾಗಿ ಹೋಗಲಿ, ಐದು ಗಂಟೆಯಾದರೆ ಸಾಕು ಎನ್ನಿಸಿತ್ತು.

ಐದಕ್ಕೆ ಎರಡು ನಿಮಿಷ ಇರುವಾಗ ಫೋನ್. ಒಕ್ಕೂಟದ ಕಚೇರಿಯಲ್ಲಿ ಗಡುವಿನ ಉಸ್ತುವಾರಿ ನೋಡುವ ಹಿಲ್ಕ. ಕ್ಯಾಂಟೀನಿನಲ್ಲಿ ನನ್ನ ಜೊತೆ ಕೂತು ಉಣ್ಣುವವಳು.

"ರಾದ್ಕ, ನಿಮ್ಮಿಂದ ಏನೂ ಬಂದಿಲ್ವಲ್ಲೇ? ನಿಮ್ಮೋರು ಬೇಡ ಅಂತಿದಾರಂತೆ. ಕಂಪ್ಯೂಟರ್ ಕೈ ಕೊಡ್ತಾ? ಬೇಕಾದ್ರೆ ಹತ್ತು ನಿಮಿಷ ಕಾಯ್ತೀನಿ."

"ನಿನಗೂ ಇದು ಪಾಸಾಗ್ಬೇಕು ತಾನೇ?"

"ಆಗ್ಬೇಕು ಕಣೇ. ಹಾಗಂತ ಒಂದು ದೇಶದ ಬಾಯಿ ಮುಚ್ಚಿಸಿ ಪಾಸು ಮಾಡೋದಾ? ಆಮೇಲೆ ಯುದ್ಧ ಶುರು ಮಾಡಿದೋರಿಗೂ ನಮಗೂ ಏನು ವ್ಯತ್ಯಾಸ? ನಿಜ ಹೇಳು, ಆದೇಶ ಬಂದಿದ್ಯಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹಾಳು ನಾಲಿಗೆ "ಬಂದಿದೆ" ಎಂದಿತು. ತಕರಾರು ಕಳಿಸಿದೆ.

ಮೂರು ವಾರದ ಮೇಲೆ, ನಮ್ಮ ಸರ್ಕಾರಕ್ಕೆ ಬೇಕಾದದ್ದೇನೋ ಸಿಕ್ಕಿ, ಅದೇ ಕರಡು ಮತ್ತೆ ಬಂತು. ಈ ಸಲ ಯಾರೂ ಚಕಾರ ಎತ್ತಲಿಲ್ಲ. ಹಿಲ್ಕ ಚಾಕೊಲೇಟ್ ಡಬ್ಬಿ ಹಿಡಿದು ನಗುನಗುತ್ತಾ ಬಂದವಳು ನನ್ನ ಕಪ್ಪು ಬಟ್ಟೆ ನೋಡಿ ಬಾಗಿಲಲ್ಲೇ ನಿಂತಳು.

"ಯಾರು?"

"ಅಕ್ಕ. ಇಜ್ಮಾಯಿಲ್‌ನಲ್ಲಿ. ಕರೆಂಟಿಲ್ದೆ ಮೂರು ಸಲ ಡಯಾಲಿಸಿಸ್ ತಪ್ಪಿಹೋಯ್ತು."

ಅವಳು ಡಬ್ಬಿ ಕೆಳಗಿಟ್ಟು ಅತ್ತಳು. "ಅವತ್ತೇ ಯಾಕೆ ಹೇಳ್ಲಿಲ್ಲ?"

"ಗೊತ್ತಿದ್ದಿದ್ರೆ ನೀನು ಫೋನ್ ಮಾಡ್ತಿರ್ಲಿಲ್ವಾ?"

ಹಿಲ್ಕಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಣ್ಣೊರೆಸಿಕೊಂಡಳು.

"ಮಾಡ್ತಿದ್ದೆ," ಎಂದಳು.